ಥೂ ಮೇಸ್ತ್ರಿಯ ತೇಗದ ಮೇಜು

ಥೂ ಮೇಸ್ತ್ರಿ ಎಂದರೆ ಆ ಪೇಟೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ. ಮರಗೆಲಸದಲ್ಲಿ ನಲವತ್ತೆರಡು ವರ್ಷ ಸವೆಸಿದವನು. ಯಾರಾದರೂ ಹೊಸ ಮಂಚವನ್ನೋ ಬೀರುವನ್ನೋ ತೋರಿಸಿ "ಹೇಗಿದೆ ಮೇಸ್ತ್ರೀ?" ಎಂದು ಕೇಳಿದರೆ ಮೊದಲು ಬಗ್ಗಿ ಮೂಸುತ್ತಿದ್ದ. ಅಂಚಿಗೆ ಉಗುರು ಒತ್ತಿ ನೋಡುತ್ತಿದ್ದ. ಆಮೇಲೆ ಮುಖ ಸಿಂಡರಿಸಿಕೊಂಡು "ಥೂ" ಎನ್ನುತ್ತಿದ್ದ. ತೀರ್ಪು ಅಷ್ಟೇ. ಅದರ ಮೇಲೆ ಮೇಲ್ಮನವಿ ಇರಲಿಲ್ಲ.

ಅವನಿಗೆ ಹೇಸಿಗೆಯಾಗುವ ವಸ್ತುಗಳ ಪಟ್ಟಿ ದೊಡ್ಡದು. ಮರದ ಪುಡಿಗೆ ಅಂಟು ಕಲಸಿ ಒತ್ತಿದ ಹಲಗೆ ಕಂಡರೆ ಯಾರೋ ಜಗಿದು ಉಗಿದ ತುತ್ತನ್ನು ನೋಡಿದ ಹಾಗೆ ಮುಖ ತಿರುಗಿಸುತ್ತಿದ್ದ. ಪ್ಲೈವುಡ್ಡಿನ ಮೇಲೆ ಅಂಟಿಸಿದ ಹಾಳೆ ಉಬ್ಬಿದ್ದರೆ "ಸುಟ್ಟ ಗಾಯದ ಬೊಬ್ಬೆ ಕಣಪ್ಪ ಇದು, ಮುಟ್ಟಬೇಡ, ಕೀವು ಬಂದೀತು" ಎನ್ನುತ್ತಿದ್ದ. ಎಲ್ಲಕ್ಕಿಂತ ಹೆಚ್ಚಿನ ಅಸಹ್ಯ, ಬಿಳಿ ಮರಕ್ಕೆ ಕಂದು ಬಣ್ಣ ಬಳಿದು ತೇಗ ಎಂದು ಮಾರುವವರ ಮೇಲೆ. ಹೊಸ ಬ್ಯಾಂಕಿನ ಉದ್ಘಾಟನೆಯ ದಿನ ಮ್ಯಾನೇಜರರ ಮೇಜನ್ನು ಮೂಸಿ, ನೆರೆದ ಗಣ್ಯರ ಮುಂದೆಯೇ ಥೂ ಎಂದುಬಿಟ್ಟಿದ್ದ. ಅವತ್ತಿನಿಂದ ಅವನನ್ನು ಯಾವ ಉದ್ಘಾಟನೆಗೂ ಯಾರೂ ಕರೆದಿರಲಿಲ್ಲ.

ತೇಗದ ಮಾತು ಬಂದರೆ ಮಾತ್ರ ಅವನೇ ಬೇರೆ ಮನುಷ್ಯ. ಮನೆಗೆ ಬಂದ ಗಿರಾಕಿಯನ್ನು ಕೂರಿಸಿಕೊಂಡು, ಕೇಳಲಿ ಬಿಡಲಿ, ಹೇಳಲು ಶುರುಮಾಡುತ್ತಿದ್ದ.

"ತೇಗಕ್ಕಿಂತ ಗಟ್ಟಿ ಮರ ಬೇಕಾದಷ್ಟಿವೆ ಸ್ವಾಮಿ. ಭಾರದ ಮರ ಬೇಕಾದಷ್ಟಿವೆ. ಆದರೆ ಮಾತಿಗೆ ನಿಲ್ಲೋ ಮರ ಇದೊಂದೇ. ಮಳೇಲಿ ಹಿಗ್ಗಲ್ಲ, ಬಿಸಿಲಲ್ಲಿ ಕುಗ್ಗಲ್ಲ. ಇವತ್ತು ಕೂರಿಸಿದ ಬಾಗಿಲು ನಿಮ್ಮ ಮೊಮ್ಮಗನ ಕಾಲಕ್ಕೂ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತೆ. ಒಳಗೆ ಎಣ್ಣೆ ಇದೆ ನೋಡಿ, ಅದಕ್ಕೇ ಗೆದ್ದಲು ಹತ್ತಿರ ಸುಳಿಯಲ್ಲ, ಹೊಡೆದ ಮೊಳೆಗೆ ಬೇಗ ತುಕ್ಕು ಹಿಡಿಯಲ್ಲ. ಅದೇ ಎಣ್ಣೆಯಿಂದ ಅಂಟು ಕಚ್ಚಲ್ಲ ಅನ್ನೋದೂ ನಿಜ. ಸ್ಪಿರಿಟ್ಟಲ್ಲಿ ಒರೆಸಿ, ಒರೆಸಿದ ಕೂಡಲೇ ಅಂಟಿಸಬೇಕು. ಒಳಗೆ ಮರಳಿನಂಥದ್ದೂ ಏನೋ ಇದೆ, ಉಳಿ ಬೇಗ ಮೊಂಡಾಗುತ್ತೆ. ದಿನಕ್ಕೆ ಹತ್ತು ಸಲ ಸಾಣೆ ಹಿಡೀಬೇಕು. ಹಿಡೀತೀನಿ! ರಾಣಿ ಅಂದ್ಮೇಲೆ ಸ್ವಲ್ಪ ಕೊಬ್ಬು ಇರಲ್ವಾ?"

ಹೀಗೆ ಹೇಳುತ್ತ ಕೀಸುಳಿಯಿಂದ ಬಿಡಿಸಿದ ಒಂದು ಸುರುಳಿಯನ್ನು ಗಿರಾಕಿಯ ಮೂಗಿಗೆ ಹಿಡಿಯುತ್ತಿದ್ದ. ಹಳೆಯ ಚರ್ಮದ ಚೀಲದ ವಾಸನೆ. ಎಣ್ಣೆ ಸವರಿದ ಹಾಗೆ ಕೈಗೆ ನುಣುಪು. "ಮರದ ನಡುವಿನ ಚೇಗು ಮಾತ್ರ ತೇಗ. ಸುತ್ತ ಇರೋ ಬಿಳಿ ಭಾಗ ಹುಳದ ಊಟ. ಎಳೆ ಮರ ಕಡಿದರೆ ಬಿಳಿಯೇ ಜಾಸ್ತಿ. ಈಗಿನವರು ಅದನ್ನೇ ಮಾರ್ತಾರೆ, ಥೂ!"

ಅವನ ಹೆಂಡತಿಗೆ ಒಬ್ಬನೇ ತಮ್ಮ. ಹಳೆಯ ಕಟ್ಟಡ ಒಡೆದ ಸಾಮಾನು ಮಾರುವ ವ್ಯಾಪಾರಿ. ಊರಾಚೆಯ ಅವನ ಅಂಗಳದಲ್ಲಿ ಕಿಟಕಿ, ಕಂಬಿ, ಒಡೆದ ಬಚ್ಚಲು ತೊಟ್ಟಿ, ತೊಲೆಗಳು ರಾಶಿ ಬಿದ್ದಿರುತ್ತಿದ್ದವು. ಭಾವ ಮತ್ತು ಭಾವಮೈದನಿಗೆ ಅಷ್ಟಕ್ಕಷ್ಟೇ. ಅವನು ತಂದು ತೋರಿಸಿದ ಮರಕ್ಕೆಲ್ಲ ಮೇಸ್ತ್ರಿ ಥೂ ಎಂದೇ ಹೇಳಿದ್ದ, ಮತ್ತು ಮೇಸ್ತ್ರಿ ಥೂ ಎಂದ ಮರವನ್ನು ಪೇಟೆಯಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಭಾವಮೈದ ಟೆಂಪೋದಲ್ಲಿ ಎಂಟು ಹಲಗೆ ಹಾಕಿಕೊಂಡು ಬಂದ. ಮಣ್ಣು ಮೆತ್ತಿದ, ಬೂದುಬಣ್ಣಕ್ಕೆ ತಿರುಗಿದ ಹಲಗೆಗಳು. ಮೇಸ್ತ್ರಿ ಆಗಲೇ ಮೂಗು ಮುರಿದಿದ್ದ.

"ಭಾವಾ, ಬಯ್ಯೋಕೆ ಮುಂಚೆ ಒಂದು ಸಲ ಕೀಸಿ ನೋಡಿ" ಎಂದ ಭಾವಮೈದ. "ಒಂದು ಹಳೇ ಬಂಗಲೆ ನೆಲಹಾಸು. ಅಕ್ಕನಿಗೆ ಅಂತ ತಂದಿದ್ದೀನಿ. ಊಟದ ಮೇಜು ಇಲ್ಲ ಅಂತ ಎಷ್ಟು ವರ್ಷದಿಂದ ಹೇಳ್ತಾ ಇದ್ದಾಳೆ. ಬಡಗಿ ಮನೇಲಿ ಕೂರೋಕೆ ಮಣೆ ಇಲ್ಲ ಅನ್ನೋ ಹಾಗಾಯ್ತು."

ಮೇಸ್ತ್ರಿ ಬೇಡದ ಮನಸ್ಸಿನಿಂದ ಒಂದು ಹಲಗೆಯ ಮೇಲೆ ಕೀಸುಳಿ ಓಡಿಸಿದ. ಮೂರನೆಯ ಎಳೆತಕ್ಕೆ ಬೂದು ಸಿಪ್ಪೆ ಹಾರಿ ಒಳಗಿನಿಂದ ಜೇನಿನ ಬಣ್ಣ ಎದ್ದು ಬಂತು. ಉಂಗುರಗಳು ಕೂದಲೆಳೆಯಷ್ಟು ಹತ್ತಿರ ಹತ್ತಿರ. ನಿಧಾನವಾಗಿ ಬೆಳೆದ, ನೂರು ವರ್ಷ ದಾಟಿದ ಮರ. ಎಲ್ಲೂ ಬಿಳಿಯಿಲ್ಲ, ಎಲ್ಲೂ ಹುಳುಕಿಲ್ಲ. ಅವನು ಸುರುಳಿಯನ್ನು ಎತ್ತಿ ಮೂಸಿ ಕಣ್ಣು ಮುಚ್ಚಿಕೊಂಡ. ತುದಿಯನ್ನು ನಾಲಿಗೆಗೂ ತಾಗಿಸಿದ. ಥೂ ಎನ್ನಲಿಲ್ಲ.

ಭಾವಮೈದನಿಗೆ ಬೇಕಾದದ್ದು ಅಷ್ಟೇ. ಸಂಜೆಯೊಳಗೆ ಸುದ್ದಿ ಪೇಟೆಯೆಲ್ಲ ಹರಡಿತು. ಮೂಲೆಯ ದರ್ಜಿ ಹೆಂಗಸು ಬಂದು "ಅಣ್ಣಾ, ನಿಜವಾಗ್ಲೂ ಒಳ್ಳೇ ಮರವಾ? ಬಟ್ಟೆ ಕತ್ತರಿಸೋ ಮೇಜಿಗೆ ತಗೊಳ್ಳಲಾ?" ಎಂದು ಕೇಳಿದಾಗ ಮೇಸ್ತ್ರಿ "ಕಣ್ಣು ಮುಚ್ಚಿಕೊಂಡು ತಗೋ ತಂಗಿ" ಎಂದ.

ಮೇಜು ಮಾಡಲು ಹನ್ನೊಂದು ದಿನ ಹಿಡಿಯಿತು. ಎರಡು ಹಲಗೆಗಳು ಒಂದು ಕಡೆ ತುಸು ಬಾಗಿದ್ದವು. ಆ ಬಾಗಿನ ಬಳಿ, ಒಳಮೈಯಲ್ಲಿ, ಮಣ್ಣು ಗಟ್ಟಿಯಾಗಿ ತುಂಬಿದ ಗೀರುಗಳಿದ್ದವು. ತೇಗ ಬಾಗುವುದೇ ಅಪರೂಪ. ಅವನಿಗೆ ಆಶ್ಚರ್ಯವಾಯಿತು, ಆದರೆ ನಿಂತು ಯೋಚಿಸಲಿಲ್ಲ. ನೆಲದ ಗಾರೆ ಮೆತ್ತಿಕೊಂಡಿರಬೇಕೆಂದು ಆ ಮಗ್ಗುಲನ್ನು ಕೆಳಗೆ ಹಾಕಿ, ಅಡ್ಡಪಟ್ಟಿ ಕೊಟ್ಟು ಬಿಗಿದು ನೇರ ಮಾಡಿದ. ಕುರೂಪದ ಮುಖ ಕೆಳಗೆ, ಚೆಲುವಿನ ಮುಖ ಮೇಲೆ, ಇದು ಎಲ್ಲ ಬಡಗಿಗಳೂ ಮಾಡುವುದೇ. ಮೇಲ್ಮೈಗೆ ಬಣ್ಣ ಬಳಿಯಲಿಲ್ಲ, ಎಣ್ಣೆಯನ್ನಷ್ಟೇ ತಿಕ್ಕಿದ. ಹೆಂಡತಿ ಅದರ ಮೇಲೆಯೇ ಹಿಟ್ಟು ನಾದಿದಳು, ಸೊಪ್ಪು ಹೆಚ್ಚಿದಳು. ಮೇಜಿಗೆ ಚೆಲ್ಲಿದ ಅನ್ನದ ಅಗುಳನ್ನು ಮೇಸ್ತ್ರಿ ಬೆರಳಿನಿಂದ ಒತ್ತಿ ಎತ್ತಿ ತಿನ್ನುತ್ತಿದ್ದ. "ತಟ್ಟೆಗಿಂತ ಚೊಕ್ಕಟ ಕಣೇ ಇದು" ಎನ್ನುತ್ತಿದ್ದ.

ಮೂರು ವಾರ ಕಳೆಯಿತು.

"ರೀ, ನಿಮ್ಮ ಮೇಜಿನ ಕೆಳಗೆ ದಿನಾ ಮಣ್ಣು ಉದುರುತ್ತೆ" ಎಂದಳು ಹೆಂಡತಿ, ಕಸಬರಿಗೆ ಹಿಡಿದುಕೊಂಡು. "ಗುಡಿಸಿ ಗುಡಿಸಿ ಸಾಕಾಯ್ತು. ಗೆದ್ದಲು ಏನಾದ್ರೂ..."

"ತೇಗಕ್ಕೆ ಗೆದ್ದಲಾ?" ಮೇಸ್ತ್ರಿಗೆ ತನ್ನನ್ನೇ ಬೈದಷ್ಟು ಕೋಪ ಬಂತು. "ನಿನ್ನ ತಲೆಗೆ ಗೆದ್ದಲು ಹಿಡಿದಿರಬೇಕು. ತೋರಿಸ್ತೀನಿ ತಾಳು."

ಕನ್ನಡಕ ಸಿಕ್ಕಿಸಿಕೊಂಡು, ಟಾರ್ಚ್ ಹಿಡಿದು ಮೇಜಿನ ಕೆಳಗೆ ಅಂಗಾತ ಮಲಗಿದ. ಗೀರುಗಳಲ್ಲಿ ತುಂಬಿದ್ದ ಮಣ್ಣು ಮನೆಯ ಬಿಸುಪಿಗೆ ಒಣಗಿ, ಬಿರಿದು, ಕರಿಯ ಹರಳಾಗಿ ಉದುರಿತ್ತು. ಗಾರೆಯಲ್ಲ, ಬರೀ ಮಣ್ಣು. ಖಾಲಿಯಾದ ಗೀರುಗಳು ಈಗ ಸ್ಪಷ್ಟವಾಗಿ ಕಂಡವು. ಅವು ಗೀರುಗಳಾಗಿರಲಿಲ್ಲ. ಗರಗಸದಿಂದ ಕೊಯ್ದ ಐದು ಗೆರೆಗಳು, ಒಂದೊಂದರ ನಡುವೆ ಬೆರಳಗಲ ಜಾಗ, ಹಲಗೆಯ ಅರ್ಧ ದಪ್ಪಕ್ಕೆ ನಿಲ್ಲಿಸಿದ್ದು, ಉದ್ದದಲ್ಲಿ ಮೂರನೇ ಒಂದು ಪಾಲಿನ ಬಳಿ. ಇನ್ನೊಂದು ಹಲಗೆಯಲ್ಲೂ ಅಷ್ಟೇ, ಅದೇ ಜಾಗದಲ್ಲಿ.

ಹದಿನೆಂಟರ ವಯಸ್ಸಿನಲ್ಲಿ, ಕಸುಬು ಕಲಿಸಿದ ಮೊದಲ ಗುರುವಿನ ಬಳಿ, ಮೇಸ್ತ್ರಿಯೇ ಇಂಥ ಐದು ಗೆರೆಗಳನ್ನು ಎಷ್ಟೋ ಸಲ ಕೊಯ್ದಿದ್ದ. ನೇರ ಹಲಗೆಯನ್ನು ಮುರಿಯದೆ ಬಗ್ಗಿಸಬೇಕಾದರೆ ಒಳಗಡೆ ಹೀಗೆ ಕೊಯ್ಯಬೇಕು, ಬಿಸಿನೀರು ಸುರಿದು ಬಾಗಿಸಬೇಕು. ಆ ಬಾಗು ಬೇಕಾಗುವುದು ಭುಜದ ಹತ್ತಿರ. ತಲೆಯ ಕಡೆ ಕಿರಿದು, ಭುಜದ ಬಳಿ ಅಗಲ, ಕಾಲಿನ ಕಡೆಗೆ ಮತ್ತೆ ಕಿರಿದು. ಮನುಷ್ಯನ ಅಳತೆಗೆ ಮಾಡುವ ಪೆಟ್ಟಿಗೆ ಅದೊಂದೇ.

ಹೆಣದ ಪೆಟ್ಟಿಗೆ.

ಅವನ ಬಾಯಿ ತೆರೆದೇ ಇತ್ತು. ಆ ಕ್ಷಣಕ್ಕೆ ಸರಿಯಾಗಿ ಒಂದು ಚಿಟಿಕೆ ಕರಿಮಣ್ಣು ತುಟಿಯ ಮೇಲೆ ಉದುರಿತು.

ಹಿತ್ತಲಿಗೆ ಓಡಿ ಅವನು ಕಾರಿದ್ದನ್ನು ನೋಡಿ ಹೆಂಡತಿ ಗಾಬರಿಯಾದಳು. ಬೆಳಗಿನ ತಿಂಡಿ ಹೋಯಿತು, ಹಿಂದಿನ ದಿನದ ಊಟವೂ ಹೋಯಿತು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದ ಮೇಲೂ ವಾಕರಿಕೆ ನಿಲ್ಲಲಿಲ್ಲ. ಮೂರು ವಾರ ಉಂಡದ್ದು, ಅಗುಳನ್ನು ಬೆರಳಿಗೆ ಒತ್ತಿ ನೆಕ್ಕಿದ್ದು, ಸುರುಳಿಯನ್ನು ನಾಲಿಗೆಗೆ ಇಟ್ಟದ್ದು ಒಂದೊಂದಾಗಿ ಗಂಟಲಿಗೆ ಬರುತ್ತಿತ್ತು. ಬಾಯಿ ತೊಳೆದ, ಉಜ್ಜಿದ, ಮತ್ತೆ ತೊಳೆದ. ಹೆಂಡತಿಗೆ ಏನೂ ಹೇಳದೆ ಅಂಗಿ ಸಿಕ್ಕಿಸಿಕೊಂಡು ಹೊರಟ.

ಭಾವಮೈದ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದ.

"ಆ ಹಲಗೆ ಎಲ್ಲಿಂದ ತಂದೆ?"

"ಹೇಳಿದ್ನಲ್ಲ ಭಾವಾ, ಬಂಗಲೆ..."

"ಭುಜದ ಬಾಗು ಇರೋ ಬಂಗಲೆ ಯಾವುದೋ?"

ಭಾವಮೈದ ಹಣ್ಣಿನ ಸಿಪ್ಪೆಯನ್ನು ಪಕ್ಕಕ್ಕೆಸೆದು ಹಲ್ಲು ಗಿಂಜಿದ. ಅಂಜಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. ರಸ್ತೆ ಅಗಲ ಮಾಡಲು ಹಳೆಯ ಸ್ಮಶಾನವನ್ನು ಅಗೆದಿದ್ದರು. ಒಳಗಿದ್ದ ಮೂಳೆಗಳನ್ನು ಹೊಸ ಸ್ಮಶಾನಕ್ಕೆ ಸಾಗಿಸಿದ ಗುತ್ತಿಗೆದಾರ, ಸುಡಬೇಕಾಗಿದ್ದ ಪೆಟ್ಟಿಗೆಗಳನ್ನು ಇವನಿಗೆ ಕೊಟ್ಟಿದ್ದ.

"ಅಲ್ಲ ಭಾವಾ, ನೀವೇ ತಾನೇ ಹೇಳೋದು, ತೇಗ ಮಣ್ಣಲ್ಲಿದ್ರೂ ಕೊಳೆಯಲ್ಲ ಅಂತ? ಕೆಲವು ಎಪ್ಪತ್ತು ವರ್ಷದ್ದಂತೆ. ಬೇರೆ ಮರದ ಪೆಟ್ಟಿಗೆ ಎಲ್ಲಾ ಪುಡಿಯಾಗಿತ್ತು, ತೇಗದ್ದು ಮಾತ್ರ ಹಾಗೇ ಇತ್ತು. ಅಂಥ ಮರಾನ ಸುಡೋಕೆ ಮನಸ್ಸು ಬರುತ್ತಾ? ತೊಳೆದಿದ್ದೀನಿ, ಬಿಸಿಲಿಗೆ ಹಾಕಿದ್ದೀನಿ. ಮರ ಅಂದ್ರೆ ಮರ."

"ಸ್ವಂತ ಅಕ್ಕನಿಗೆ ಕೊಟ್ಟೆಯಲ್ಲೋ! ಅದರ ಮೇಲೆ ಅವಳು ಹಿಟ್ಟು ನಾದಿದಳಲ್ಲೋ!"

"ಅದಕ್ಕೇನೀಗ? ಯಾರಿಗಾದ್ರೂ ಹೊಟ್ಟೆನೋವು ಬಂತಾ?" ಭಾವಮೈದ ಎದ್ದು ಹತ್ತಿರ ಬಂದ. ಅವನ ಬಾಯಿಯಿಂದ ಬಾಳೆಹಣ್ಣಿನ ಹಳಸಲು ಸಿಹಿ ವಾಸನೆ ಬಂತು. "ಭಾವಾ, ನೀವು ಮೂಸಿ ಥೂ ಅನ್ನಲಿಲ್ಲ. ಅದಕ್ಕೇ ನಿಮ್ಮ ಹತ್ತಿರ ಮೊದಲು ತಂದಿದ್ದು. ಊರಿಗೆಲ್ಲಾ ಬುದ್ಧಿ ಹೇಳೋ ಮೂಗಿಗೇ ಗೊತ್ತಾಗಲಿಲ್ಲ ಅಂದ್ರೆ ಇನ್ನು ಯಾರಿಗೆ ಗೊತ್ತಾಗುತ್ತೆ?"

ಮೇಸ್ತ್ರಿಗೆ ಕೈ ಎತ್ತಬೇಕೆನ್ನಿಸಿತು. ಆದರೆ ಆ ಕೆನ್ನೆಯನ್ನು ಮುಟ್ಟುವುದಕ್ಕೂ ಅಸಹ್ಯವಾಯಿತು. ಅದಕ್ಕಿಂತ ದೊಡ್ಡ ಅಸಹ್ಯ ತನ್ನ ಮೇಲೆಯೇ. ಬಾಗನ್ನು ನೋಡಿದ್ದೆ, ಗೀರನ್ನು ನೋಡಿದ್ದೆ, ನಲವತ್ತೆರಡು ವರ್ಷದ ಕಸುಬು ಕೈಯಲ್ಲಿತ್ತು. ಚಂದದ ಮರ ಎಂಬ ಆಸೆಗೆ ಕುರೂಪವನ್ನು ಕೆಳಗೆ ಹಾಕಿ ಮುಚ್ಚಿದವನು ನಾನೇ ತಾನೆ?

ಅಲ್ಲಿಂದ ಸೀದಾ ಹೊಸ ಸ್ಮಶಾನಕ್ಕೆ ಹೋದ. ಊರಿನ ಕಸ ಸುರಿಯುವ ಜಾಗದ ಪಕ್ಕದಲ್ಲಿ ತಂತಿಬೇಲಿ ಹಾಕಿದ ಬಯಲು. ಗುಂಡಿಗಳನ್ನು ಇನ್ನೂ ತೋಡಿರಲಿಲ್ಲ. ಕಾವಲಿನ ಹೆಂಗಸು ಬಕೆಟ್ಟಿನಲ್ಲಿ ನೀರು ಹೊತ್ತು ಬರುತ್ತಿದ್ದಳು.

"ಅಮ್ಮಾ, ಹಳೇ ಜಾಗದಿಂದ ತಂದವರನ್ನ ಎಲ್ಲಿ ಇಟ್ಟಿದ್ದಾರೆ?"

"ನಿಮ್ಮೋರು ಯಾರಾದ್ರೂ ಇದ್ದಾರಾ ಯಜಮಾನ್ರೇ?"

ಮೇಸ್ತ್ರಿ "ಹೂಂ, ಇದ್ದಾರೆ" ಎಂದ.

ಅವಳು ತಗಡಿನ ಶೆಡ್ಡಿನ ಬಾಗಿಲು ತೆಗೆದಳು. ಒಳಗೆ ಹತ್ತೊಂಬತ್ತು ಪೆಟ್ಟಿಗೆಗಳು, ಒಂದರ ಮೇಲೊಂದು. ಅದೇ, ಮರದ ಪುಡಿಗೆ ಅಂಟು ಕಲಸಿ ಒತ್ತಿದ ಹಲಗೆಯವು. ಸೋರುವ ತಗಡಿನ ನೀರು ಬಿದ್ದು ಉಬ್ಬಿದ್ದವು. ನೀರಿನಲ್ಲಿ ನೆನೆದ ಬ್ರೆಡ್ಡಿನಂತೆ ಮೂಲೆಗಳು ಬಿಚ್ಚಿಕೊಂಡಿದ್ದವು. ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ನಂಬರುಗಳು ಅಳಿಸಿಹೋಗಿ ಬೂಷ್ಟು ಬೆಳೆದಿತ್ತು. ಕೆಳಗಿನ ಒಂದು ಪೆಟ್ಟಿಗೆ ಪೂರ್ತಿ ಒಡೆದು, ಒಳಗಿನದು ಗೋಣಿತಾಟಿನ ಸಮೇತ ಹೊರಗೆ ಜಾರಿತ್ತು. ಅದರ ಮೇಲೆ ಯಾರೋ ಖಾಲಿ ಬಣ್ಣದ ಡಬ್ಬಿ ಇಟ್ಟಿದ್ದರು.

"ನಾನು ಹೇಳ್ದೆ ಅವರಿಗೆ" ಎಂದಳು ಹೆಂಗಸು. "ತೇಗದ ಪೆಟ್ಟಿಗೆ ಗಟ್ಟಿಯಾಗೇ ಇತ್ತು, ಅದರಲ್ಲೇ ತನ್ನಿ ಅಂದೆ. ದೊಡ್ಡದು, ಜಾಗ ಸಾಲಲ್ಲ, ಸುಡ್ತೀವಿ ಅಂದ್ರು. ದಿನಾ ಬಂದು ಇಲಿ ಓಡಿಸ್ತೀನಿ. ಇನ್ನೇನು ಮಾಡ್ಲಿ?"

ಅವನ ಬಾಯಿಗೆ ಥೂ ಬರಲಿಲ್ಲ. ಅಭ್ಯಾಸದಂತೆ ತುಟಿ ಸೇರಿತು, ಉಸಿರು ಹೊರಡಲಿಲ್ಲ. ಪರರ ಬೀರುವಿಗೂ ಬಾಗಿಲಿಗೂ ಉಗಿದು ಉಗಿದು ಖರ್ಚಾದ ಮಾತು, ಬೇಕಾದ ಹೊತ್ತಿಗೆ ಉಳಿದಿರಲಿಲ್ಲ. ಬಣ್ಣದ ಡಬ್ಬಿಯನ್ನು ಎತ್ತಿ ಹೊರಗಿಟ್ಟು ಬಂದ.

ಮರುದಿನ ಬೆಳಿಗ್ಗೆ ಮೇಜು ಬಿಚ್ಚಿದ. ಆಗ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಒಲೆಯ ಮೇಲೆ ನೀರಿಟ್ಟು, ಮನೆಯ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ತಂದು ಕುದಿವ ನೀರಿನಲ್ಲಿ ಅದ್ದತೊಡಗಿದಳು. ಚಮಚ, ಸೌಟು, ಮುಚ್ಚಳ, ಒಂದನ್ನೂ ಬಿಡಲಿಲ್ಲ.

"ನನ್ನ ತಮ್ಮ ಹೀಗೆ ಮಾಡಿದ್ನಾ?" ಎಂದು ಒಮ್ಮೆ ಕೇಳಿದಳು.

"ಹೂಂ."

"ಚಿಕ್ಕವನಿದ್ದಾಗ ನಾನೇ ಅವನ ಮೂಗು ಒರೆಸ್ತಿದ್ದೆ. ಆಗ ಹೇಸಿಗೆ ಅನ್ನಿಸಲಿಲ್ಲ" ಎಂದು ಮತ್ತೆ ಸೌಟು ಅದ್ದಿದಳು.

ಅವತ್ತೇ ಮೇಸ್ತ್ರಿ ಭಾವಮೈದನ ಅಂಗಳಕ್ಕೆ ಮತ್ತೆ ಹೋದ. ಈ ಸಲ ಧ್ವನಿ ಏರಿಸಲಿಲ್ಲ. "ಉಳಿದ ಹಲಗೆ ಎಲ್ಲಾ ಟೆಂಪೋಗೆ ಹಾಕು. ಒಂದು ಚೂರು ಇಟ್ಟುಕೊಂಡ್ರೂ ಪೇಟೆ ಮಧ್ಯದಲ್ಲಿ ನಿಂತು, ಎಲ್ಲಿಂದ ಬಂತು ಅಂತ ಹೇಳ್ತೀನಿ. ಮರ ಅಂದ್ರೆ ಮರ ತಾನೇ? ಹೇಳಿದ್ರೆ ನಿನಗೇನು ನಷ್ಟ?"

ಭಾವಮೈದ ಗೊಣಗುತ್ತಲೇ ಮೂವತ್ತನಾಲ್ಕು ಹಲಗೆ ತುಂಬಿಸಿದ. ಭಾವನಿಗೆ ತಲೆ ಕೆಟ್ಟಿದೆ ಎಂದು ಊರಿಗೆ ಹೇಳಿಕೊಳ್ಳುವುದಾಗಿಯೂ ಹೇಳಿದ. ಆಮೇಲೆ ಹಾಗೆಯೇ ಹೇಳಿಕೊಂಡ.

ಉಳಿದದ್ದು ದರ್ಜಿ ಹೆಂಗಸಿನ ಮನೆ. ಅದು ಎಲ್ಲಕ್ಕಿಂತ ಕಷ್ಟವಾಯಿತು. ಆ ಮರದಲ್ಲಿ ಮಾಡಿಸಿದ್ದ ಮೇಜಿನ ಮೇಲೆ ಅವಳು ಹಸುಗೂಸುಗಳ ಅಂಗಿ ಕತ್ತರಿಸುತ್ತಿದ್ದಳು. ಪುಟ್ಟ ಪುಟ್ಟ ತೋಳುಗಳು ಹಳದಿ ಬಟ್ಟೆಯಲ್ಲಿ ಸಾಲಾಗಿ ಬಿದ್ದಿದ್ದವು. ಮೇಸ್ತ್ರಿ ಬಾಗಿಲಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅವಳು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು. "ಅಣ್ಣಾ, ನಾನು ಮರ ನೋಡಿ ತಗೊಳ್ಳಲಿಲ್ಲ. ನಿಮ್ಮ ಮಾತು ಕೇಳಿ ತಗೊಂಡೆ" ಎಂದಳು. ಬೈಯಲಿಲ್ಲ. ಆದರೆ ಮೂಗಿಗೆ ಸೆರಗು ಹಿಡಿದುಕೊಂಡು ಅವನನ್ನು ನೋಡಿದ ಆ ನೋಟ ಇತ್ತಲ್ಲ, ಬ್ಯಾಂಕಿನ ಮ್ಯಾನೇಜರರ ಮೇಜನ್ನು ಅವನು ನೋಡಿದ್ದೂ ಅದೇ ನೋಟದಿಂದ.

ಶೆಡ್ಡಿನಲ್ಲಿದ್ದವರಿಗಾಗಿ ಅದೇ ಹಲಗೆಗಳಲ್ಲಿ ಹತ್ತೊಂಬತ್ತು ಪೆಟ್ಟಿಗೆ ಮಾಡಲು ಅವನಿಗೆ ಎರಡು ತಿಂಗಳು ಬೇಕಾಯಿತು. ಒಂದೊಂದೂ ಎರಡಡಿ ಉದ್ದದ್ದು. ಅದನ್ನು ಪುಣ್ಯದ ಕೆಲಸ ಎಂದು ಯಾರಾದರೂ ಹೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಪುಣ್ಯವೂ ಇಲ್ಲ ಮಣ್ಣೂ ಇಲ್ಲ, ಪ್ರತಿ ದಿನವೂ ವಾಕರಿಕೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೀಸಿದ. ಆದರೂ ಆ ಚರ್ಮದ ವಾಸನೆ ಬಟ್ಟೆ ದಾಟಿ ಒಳಗೆ ಬರುತ್ತಿತ್ತು. ಒಂದು ಕಾಲಕ್ಕೆ ಕಣ್ಣು ಮುಚ್ಚಿಸುತ್ತಿದ್ದ ವಾಸನೆ ಈಗ ಹೊಟ್ಟೆ ತೊಳಸುತ್ತಿತ್ತು. ತೇಗದ ಪುಡಿ ತಾಗಿ ಮೊದಲ ಸಲ ತೋಳಿನ ಮೇಲೆ ತುರಿಕೆ ಎದ್ದಿತು. ಕೆಲಸದಲ್ಲಿ ಮಾತ್ರ ಕಳ್ಳತನ ಮಾಡಲಿಲ್ಲ. ಮೂಲೆಗಳನ್ನು ಬೆರಳಿಗೆ ಬೆರಳು ಹೆಣೆದ ಹಾಗೆ ಕಚ್ಚಿಸಿದ, ಸಂದುಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಅಂಟು ಹಾಕಿದ, ಮೊಳೆಯ ಬದಲು ತೇಗದ್ದೇ ಬೆಣೆ ಹೊಡೆದ. ನಂಬರುಗಳನ್ನು ಸುಣ್ಣದಲ್ಲಿ ಬರೆಯದೆ ಉಳಿಯಿಂದ ಕೆತ್ತಿದ. ಯಾವ ಪೆಟ್ಟಿಗೆಗೆ ಯಾವ ನಂಬರು ಎಂಬುದು ಕಾವಲಿನ ಹೆಂಗಸಿಗೆ ಬಾಯಿಪಾಠವಾಗಿತ್ತು. ಕಚೇರಿಯ ಕಾಗದ ಕಳೆದುಹೋಗಿತ್ತು, ಅವಳ ನೆನಪು ಕಳೆದಿರಲಿಲ್ಲ.

ಮೂಳೆಗಳನ್ನು ಒಂದರಿಂದ ಇನ್ನೊಂದಕ್ಕೆ ಹಾಕುವ ದಿನ ಕಚೇರಿಯಿಂದ ಬಂದ ಗುಮಾಸ್ತ ಬೇಲಿಯಾಚೆ ಕರವಸ್ತ್ರ ಹಿಡಿದು ನಿಂತ. ಕೆಲಸ ಮಾಡಿದ್ದು ಮೇಸ್ತ್ರಿ, ಅವನ ಹೆಂಡತಿ ಮತ್ತು ಆ ಕಾವಲಿನ ಹೆಂಗಸು. ವಿಚಿತ್ರವೆಂದರೆ ಮೂಳೆ ಮುಟ್ಟಿದಾಗ ಮೇಸ್ತ್ರಿಗೆ ಅಸಹ್ಯವಾಗಲಿಲ್ಲ. ಹಗುರವಾಗಿದ್ದವು, ಒಣಗಿದ್ದವು, ಯಾರಿಗೂ ಏನೂ ಮಾಡಿರಲಿಲ್ಲ. ಅಸಹ್ಯವಾದದ್ದು ಕೈಯಲ್ಲಿ ಅಂಬಲಿಯಂತೆ ಕಲಸಿಹೋಗುತ್ತಿದ್ದ ಆ ಪುಡಿಹಲಗೆಯಿಂದ. ಹತ್ತೊಂಬತ್ತರಲ್ಲಿ ನಾಲ್ಕಕ್ಕೆ ಮಾತ್ರ ಮನೆಯವರು ಬಂದಿದ್ದರು. ಮಿಕ್ಕವರನ್ನು ಇವರೇ ಇಳಿಸಿ ಮಣ್ಣು ಕೊಟ್ಟರು.

ಆಮೇಲೂ ಮೇಸ್ತ್ರಿ ಒಂಬತ್ತು ವರ್ಷ ಕೆಲಸ ಮಾಡಿದ. ತೇಗ ಬಿಡಲಿಲ್ಲ, ಬಿಟ್ಟರೆ ಬದುಕು ನಡೆಯುತ್ತಿರಲಿಲ್ಲ. ಮರದ ಗುಣ ಕೇಳಿದರೆ ಈಗಲೂ ಹೇಳುತ್ತಿದ್ದ, ಆದರೆ ಸುರುಳಿಯನ್ನು ಯಾರ ಮೂಗಿಗೂ ಹಿಡಿಯುತ್ತಿರಲಿಲ್ಲ. ಹಳೆಯ ಮರ ತಂದವರ ಜೊತೆ, ಅದನ್ನು ಬಿಚ್ಚಿದ ಮನೆಯ ತನಕ ನಡೆದುಹೋಗಿ ಗೋಡೆಯಲ್ಲಿನ ತೂತನ್ನು ನೋಡಿ ಬಂದ ಮೇಲೆಯೇ ಉಳಿ ಎತ್ತುತ್ತಿದ್ದ. ಕೆಲವರಿಗೆ ಅದರಿಂದ ಬೇಸರವಾಗಿ ಬೇರೆ ಬಡಗಿಗಳ ಬಳಿ ಹೋದರು. ದರ್ಜಿ ಹೆಂಗಸಿಗೆ ಅವನು ಹಲಸಿನ ಮರದಲ್ಲಿ ಹೊಸ ಮೇಜು ಮಾಡಿಕೊಟ್ಟ. ಅವಳು ತೆಗೆದುಕೊಂಡಳು, ಆದರೆ ಮೊದಲಿನ ಹಾಗೆ ಕೂತು ಹರಟುವುದು ನಿಂತೇಹೋಯಿತು.

ಭಾವಮೈದನ ವ್ಯಾಪಾರಕ್ಕೆ ಏನೂ ಆಗಲಿಲ್ಲ. ಅಂಗಳ ಎರಡಾಯಿತು, ಟೆಂಪೋ ಲಾರಿಯಾಯಿತು. ವರ್ಷಕ್ಕೊಮ್ಮೆ ಅಕ್ಕ ಅವನನ್ನು ನೋಡಲು ಹೋಗುತ್ತಾಳೆ, ಒಡಹುಟ್ಟಿದ ಕರುಳು, ಬಿಡಲಾಗುವುದಿಲ್ಲ. ಮೇಸ್ತ್ರಿ ಅವಳನ್ನು ಗೇಟಿನವರೆಗೆ ಬಿಟ್ಟು ರಸ್ತೆಯ ಆಚೆ ಬದಿಯಲ್ಲಿ ಕಾಯುತ್ತಾನೆ. ಭಾವಮೈದ ಹೊರಗೆ ಬಂದು "ಭಾವಾ, ಬಿಸಿಲು ಜೋರಾಗಿದೆ, ಒಳಗೆ ಬಂದು ಒಂದು ಲೋಟ ನೀರಾದ್ರೂ ಕುಡೀರಿ" ಎಂದು ಕೂಗುತ್ತಾನೆ, ನಗುತ್ತಲೇ.

ಮೇಸ್ತ್ರಿ ಕೈ ಅಡ್ಡಡ್ಡ ಆಡಿಸಿ ಬೇಡ ಎನ್ನುತ್ತಾನೆ. ಬಾಯಾರಿದ್ದರೂ.